ಹರಳು

ಜಮಖಂಡಿಯ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಬೇವಿನ ಬುಡದಲ್ಲಿ ನನ್ನ ಮೇಜು.
ಹಗಲೆಲ್ಲ ಖರೇದಿ ಪತ್ರ ಬರೆಯುತ್ತೇನೆ:
ಪೂರ್ವಕ್ಕೆ ಸರಕಾರಿ ದಾರಿ, ಪಶ್ಚಿಮಕ್ಕೆ ಮಲಕಾಜಪ್ಪನ ಗೋಡೆ,
ಉತ್ತರಕ್ಕೆ ಹಾಳು ಬಾವಿ,
ದಕ್ಷಿಣಕ್ಕೆ ಬರೆದುಕೊಡುವವನದೇ ಉಳಿದ ಜಾಗ.
ಇದರಲ್ಲಿ ತಪ್ಪಾದರೆ ಮೂರೇ ದಿನಕ್ಕೆ
ಯಾರೋ ಒದರುತ್ತ ಬರುತ್ತಾರೆ.

ರಾತ್ರಿ ಕತೆ ಬರೆಯುತ್ತೇನೆ.
ಅದರಲ್ಲಿ ತಪ್ಪಾದರೆ ಯಾರೂ ಬರುವುದಿಲ್ಲ.

ಅಣ್ಣನ ಮಗನ ಎತ್ತರಕ್ಕೆ ಅಡುಗೆಮನೆ ಚೌಕಟ್ಟಿನಲ್ಲಿ ಗೆರೆಗಳಿವೆ,
ಯುಗಾದಿಗೊಂದು.
ಹಿಮ್ಮಡಿ ಎತ್ತಿ ಮೋಸ ಮಾಡುತ್ತಾನೆ, ಆದರೂ ಬೆಳೆದಿದ್ದಾನೆ.
ನಾನು ಯಾವ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲಲಿ?

ಮೊದಲು ಹಾಳೆ ಎಣಿಸಿದೆ.
ಆಮೇಲೆ ವಾಪಸು ಬಂದ ಲಕೋಟೆ.
ಒಂದು ವರ್ಷ ಹದಿನಾಲ್ಕು, ಮರುವರ್ಷ ಒಂಬತ್ತು.
ಸುಧಾರಿಸಿದೆ ಅಂದುಕೊಂಡೆ;
ಆ ವರ್ಷ ಕಳಿಸಿದ್ದೇ ಒಂಬತ್ತು.

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ತೂಕ ಹಿಡಿಯುವ
ಗೆಳೆಯ ಮೈಬೂಬ ಹೇಳಿದ:
"ಹಳೇ ಕತಿ ಓದಿ ಕಿವಿ ಬಿಸಿ ಆತಂದ್ರ
ಮುಂದ ಹೋಗೀದಿ ಅಂತ ತಿಳಕೋ."
ನಿನ್ನೆ ಬರೆದದ್ದಕ್ಕೂ ಬೆಳಿಗ್ಗೆ ಕಿವಿ ಬಿಸಿಯಾಗುತ್ತದೆ.
ಒಂದೇ ರಾತ್ರಿಗೆ ಅಷ್ಟು ಮುಂದೆ ಹೋದೆನೆ?

ಕೊನೆಗೆ ಚಿಗವ್ವನ ಬೆರಳು ನಂಬಿದೆ.
ತಂಗೆವ್ವ ಚಿಗವ್ವನಿಗೆ ಓದು ಬಾರದು, ಕೇಳಲು ಬರುತ್ತದೆ.
ಮೊರದ ತುಂಬ ಬಿಳಿಜೋಳ ಹರವಿ ಹಸನು ಮಾಡುತ್ತಾಳೆ,
ಎದುರು ಕೂತು ಓದುತ್ತೇನೆ.
ಹೊಗಳುವುದಿಲ್ಲ, ಬಯ್ಯುವುದಿಲ್ಲ. ಬೆರಳು ಓಡುತ್ತಿರುತ್ತವೆ,
ಒಂದೊಂದು ಕಡೆ ನಿಲ್ಲುತ್ತವೆ.
ನಿಂತಲ್ಲಿ ಅಂಚಿಗೊಂದು ಪೆನ್ಸಿಲ್ ಚುಕ್ಕೆ ಇಡುತ್ತೇನೆ.

ಮುದುಕಿ ಸತ್ತ ಕತೆ:
ಅದರಲ್ಲಿ ಆಕಾಶ ಅತ್ತಿತ್ತು, ದೀಪ ಅತ್ತಿತ್ತು,
ಓಣಿಯ ನಾಯಿಯೂ ಅತ್ತಿತ್ತು.
ಚುಕ್ಕೆ ಒಂದೂ ಇಲ್ಲ. ಜೋಳ ಮಾತ್ರ ಬೇಗ ಹಸನಾಯಿತು.
ಬಸ್ಸಿನಲ್ಲಿ ಕೊಡೆ ಮರೆತವನ ಕತೆಗೆ ಎರಡು.
ಕಂಪೌಂಡರ ಚನಮಲ್ಲಪ್ಪನ ಎರಡನೇ ಮದುವೆಯ ಕತೆಗೆ
ಏಳು.
ಏಳು!
ಆ ರಾತ್ರಿ ಅಂಗಳದಲ್ಲಿ ಅಡ್ಡಾಡಿದೆ, ಬೆಳಗಿನ ತನಕ.

ತಡೆಯಲಾರದೆ ಕೇಳಿಯೇಬಿಟ್ಟೆ:
"ಚಿಗವ್ವ, ಈ ಕತಿಯಾಗ ಏಳ ಸಲ ಕೈ ನಿಂತಿತ್ತಲ್ಲ, ಯಾಕ?"
"ಹರಳು ಸಿಕ್ಕಿದ್ವೋ ತಮ್ಮಾ.
ಈ ಸಲದ ಜೋಳದಾಗ ಭಾಳ ಹರಳು ಅದಾವು."

ಎರಡು ತಿಂಗಳು ಬರೆಯಲಿಲ್ಲ.
ಬರೀ ಖರೇದಿ ಪತ್ರ.
ಒಂದು ದಿನ ಸಾವಳಗಿಯ ರೇಶ್ಮಾಬಿ ಬಂದಳು,
ಹತ್ತು ಫೂಟು ಎಂಟು ಫೂಟಿನ ಬಳೆಯಂಗಡಿ ಮಾರಿದಳು.
ಹೆಬ್ಬೆಟ್ಟು ಒತ್ತಿದಳು, ಮಸಿ ಸೆರಗಿಗೆ ಒರೆಸಿಕೊಂಡಳು,
ರೊಕ್ಕ ಎಣಿಸಿದಳು,
ಕೀಲಿಕೈ ಕೊಡುವುದು ಬಿಟ್ಟು ಬಸ್ಸು ಹತ್ತಿದಳು.
ಕೊಂಡವನು ನಕ್ಕ: "ಇರಲಿ, ಕೀಲಿ ಒಡದ್ರಾತು."

ಅದನ್ನು ಬರೆದೆ. ಎರಡು ಹಾಳೆ.
ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಅಷ್ಟೇ.
ಯಾರೂ ಅಳಲಿಲ್ಲ ಅದರಲ್ಲಿ.

ಚಿಗವ್ವ ಕೇಳಿದಳು. ಬೆರಳು ಎಲ್ಲಿಯೂ ನಿಲ್ಲಲಿಲ್ಲ.
ಹಾಳೆ ಮಡಚಿ ಕಿಸೆಗಿಟ್ಟೆ. ಊಟವಾಯಿತು.
ಅಣ್ಣ ಲೈಟು ಆರಿಸಿದ.
ಕತ್ತಲೆಯಲ್ಲಿ, ಕೌದಿ ಎಳೆದುಕೊಳ್ಳುತ್ತ ಚಿಗವ್ವ:

"ಆಮ್ಯಾಲ ಆಕಿ ಕೀಲಿಕೈ ಎಲ್ಲಿಟ್ಲು?"
"ಯಾರು?"
"ಯಾರಂದ್ರ? ಆಕಿ."
"ಗೊತ್ತಿಲ್ಲ ಚಿಗವ್ವ."
"ನಿನಗ ಗೊತ್ತಿಲ್ಲಂದ್ರ
ನಾ ಯಾರಿಗಿ ಕೇಳಲಿ?"

ಎದ್ದು, ಮೊಬೈಲ್ ಬೆಳಕಿನಲ್ಲಿ
ಚುಕ್ಕೆ ಇಡಲು ಹಾಳೆ ಬಿಚ್ಚಿದೆ.
ಎಲ್ಲಿಡಲಿ?
ಆಕೆ ಕೇಳಿದ ಜಾಗದಲ್ಲಿ
ನಾನು ಏನೂ ಬರೆದಿರಲಿಲ್ಲ.