ಯಾವ ಕಡೆ ಸುತ್ತಿದಿ?

ಮೈಬೂಬ ನಾಳೆ ಬರ್ತೀನಿ ಅಂದು
ಇವತ್ತಿಗೆ ಐದನೇ ನಾಳೆ.
ಫೋನಿನ್ಯಾಗ ಅವನ ದನಿ ಬಾದಾಮ್ಯಾಗ ಇರತೈತಿ,
ಕಮತಗ್ಯಾಗ ಇರತೈತಿ,
ನಮ್ಮ ಗುಳೇದಗುಡ್ಡದಾಗ ಮಾತ್ರ ಇರೂದಿಲ್ಲ.
ಇಲ್ಲಿ ಸಿಂಕಿನ್ಯಾಗ ನಿನ್ನೆ ಬ್ಯಾಳಿ ತೊಳದ ನೀರು
ಕೆರಿಹಂಗ ನಿಂತು ನನ್ನ ಮಾರಿ ನೋಡತೈತಿ.

ಸೆರಗು ನಡಕ ಸಿಗಿಸಿ,
ಕಟ್ಟಿ ಕೆಳಗಿನ ಫಿನೈಲು, ಖಾಲಿ ಎಣ್ಣಿ ಕ್ಯಾನು,
ಅಂಗಾತ ಬಿದ್ದ ಒಂದು ಜೊಂಡಿಗ
ಎಲ್ಲಾ ಹೊರಗ ತಗದು,
ಬಕೀಟು ಒಳಗ ನೂಕಿ
ಅದರ ಹಿಂದ ನಾನೂ ಹೊಕ್ಕೆ.

ಹೊಕ್ಕ ಮ್ಯಾಲ ಗೊತ್ತಾತು
ನಮ್ಮ ಮಾವ ಕುಣಿಮಗ್ಗದಾಗ ಹೆಂಗ ಕುಂಡ್ರತಿದ್ರು ಅಂತ:
ಅರ್ಧ ಮೈ ನೆಲಕ್ಕ, ಅರ್ಧ ಮೈ ಕೆಲಸಕ್ಕ.
ಅವರ ಕಣ್ಣಮುಂದ ಖಣದ ಅಂಚು ಇರ್ತಿತ್ತು.
ನನ್ನ ಕಣ್ಣಮುಂದ
ಬಿಳಿ ಪ್ಲಾಸ್ಟಿಕ್ಕಿನ ಡೊಂಕು ಗೋಣು.

ನಟ್ಟು ತಿರುಗವಲ್ದು.
ಹಳೇ ಟಾವೆಲ್ ಸುತ್ತಿ, ಹಲ್ಲು ಕಚ್ಚಿ,
ಮನಿದೇವರನ್ನ ಅರ್ಧ, ಮೈಬೂಬನ್ನ ಅರ್ಧ ನೆನಸಿ
ಹಿಡದು ತಿರುವಿದೆ.
ಒಮ್ಮೆಲೆ ಬಿಚ್ಚಿತು. ಮೊಣಕೈ ತನಕ ವಾಸನಿ.

ಚಹಾಪುಡಿ ಬಿತ್ತು, ಜ್ವಾಳದ ನುಚ್ಚು ಬಿತ್ತು,
ಸವತಿ ಬೀಜ, ಕೂದಲಿನ ಒಂದು ಉಂಡಿ
(ಕರ್ರಗೂ ಇತ್ತು, ಬೆಳ್ಳಗೂ ಇತ್ತು, ಯಾರದಂತ ಹೇಳೂದಿಲ್ಲ)
ಕಡೀಕ
ಠಣ್ ಅಂತ
ಕುಕ್ಕರಿನ ಸೀಟಿ.

ಎಂಟು ತಿಂಗಳ ಹಿಂದ ಕಳದದ್ದು.
ಮಗಳ ಬಯಕಿ ಊಟಕ್ಕಂತ
ಬಾಜೂಮನಿ ಸಾವಂತ್ರಿ ದೊಡ್ಡ ಕುಕ್ಕರ ಒಯ್ದು
ಸೀಟಿ ಇಲ್ಲದ ತಂದಾಳ ಅಂತ ನಾ,
ಎಲ್ಲಾ ಎಣಿಸಿ ಕೊಟ್ಟೀನಿ ಅಂತ ಆಕಿ.
ಅವತ್ತಿನಿಂದ ನಡುವಿನ ಗ್ವಾಡಿ
ಕೊತಂಬರಿ ದಾಟಿಲ್ಲ, ಮಜ್ಜಿಗಿ ದಾಟಿಲ್ಲ.
ಸಿಂಕಿನ ಜಾಳಗಿ ಒಡದದ್ದು ಹೋದ ದೀಪಾವಳಿಗೆ.
ಹೊಸಾದು ತರೋಣು, ತರೋಣು ಅಂತ
ತಡಾ ಮಾಡಿದಾಕಿ ನಾನ.

"ಏನವಾ ಅದು ಸಪ್ಪಳ?" ಪಡಸಾಲಿಯಿಂದ ಅತ್ತಿ.
"ಏನಿಲ್ಲ, ನಟ್ಟು" ಅಂದು
ಸೀಟಿ ಒರಸಿ ಉಡಿಯೊಳಗ ಕಟಗೊಂಡೆ.

ಗೋಣು ತೊಳದು, ವಾಶರ್ ಮಗ್ಗಲ ಬದಲಿಸಿ
ಕೂಡಿಸಿದೆ. ನೀರು ಗಟಗಟ ಇಳೀತು.
ಗೆದ್ದೆ ಅನ್ನೂದರಾಗ
ನನ್ನ ಮೊಣಕೈ ಬಡದ ಮೂಲಿ ಕಾಕು
ತೊಟ್ಟ್, ತೊಟ್ಟ್ ಅಂತ ಶುರು ಮಾಡಿತು.

ಮಾಳಗಿ ಹತ್ತಿ ಟಾಕಿ ವಾಲ್ವು ಬಂದ್ ಮಾಡಿ
ಕಾಕು ಬಿಚ್ಚಿ, ಇಪ್ಪತ್ತು ರೂಪಾಯಿ ಬಿಳಿ ಟೇಪು
ಹತ್ತು ಸುತ್ತು ಸುತ್ತಿದೆ.
ತೊಟ್ಟ್.
ಮತ್ತ ಮಾಳಗಿ, ಮತ್ತ ಬಿಚ್ಚು, ಹದಿನೈದು ಸುತ್ತು.
ತೊಟ್ಟ್.

ಎರಡೂ ಕಣ್ಣಿಗೆ ಪರೆ ಬಂದ ಅತ್ತಿ
ಗ್ವಾಡಿ ಹಿಡಕೊಂಡು ಬಂದು "ತಾ ಇಲ್ಲೆ" ಅಂದ್ಲು.
ಐವತ್ತು ವರ್ಷ ಕಂಡಿಕಿ ಸುತ್ತಿದ ಹೆಬ್ಬೆರಳು
ಕಾಕಿನ ಮ್ಯಾಲ ಒಮ್ಮೆ ಹೋಗಿ ಬಂತು.
"ಯಾವ ಕಡೆ ಸುತ್ತಿದಿ?
ತಿರುವೂದು ಬಲಕ್ಕ, ಸುತ್ತಿದ್ದು ಎಡಕ್ಕ.
ನೀ ಬಿಗಿ ಮಾಡಿದಂಗೆಲ್ಲ ಬಿಚ್ಚತೈತಿ ಇದು."

ಟೆಫ್ಲಾನ್ ಅನ್ನಾಕ ಬರೂದಿಲ್ಲ ಆಕಿಗೆ.
ನನ್ನ ಹದಿನೈದು ಸುತ್ತು ಉಗರಿಲೆ ಸುಲದು ಒಗದು,
ಹೊಸ ಎಳಿ ಹಚ್ಚಿ
ಹರೀಲಾರದಂಗ, ಸಡಲ ಬೀಳಲಾರದಂಗ
ಒಂದು ಹದಕ್ಕ ಜಗ್ಗಿ ಹಿಡದು
ಬರೇ ಆರು ಸುತ್ತು.
ತುಟಿ ಅಲ್ಲಾಡತಿತ್ತು, ಎಣಿಸಿದ್ಲೋ ಹಾಡಿದ್ಲೋ.

ಕಾಕು ಕೂಡಿಸಿ, ಕೆಳಗ ಪೇಪರ್ ಹಾಸಿ
ಇಬ್ಬರೂ ಕಿವಿಗೊಟ್ಟು ಕುಂತಿವಿ.
ಅಂಗೈಯಿಲೆ ಒತ್ತಿ ನೋಡಿದ್ಲು ಆಕಿ.
ಒಣಾ.

ಏಳುವಾಗ ನನ್ನ ಹೆಗಲು ಊರಿ
"ನಟ್ಟು ಬಿದ್ದ ಸಪ್ಪಳ ನನಗ ಗೊತ್ತೈತವಾ" ಅಂದ್ಲು,
ಮುಂದ ಏನೂ ಅನಲಿಲ್ಲ.

ಗ್ವಾಡಿ ಆಚೆ ಸಾವಂತ್ರಿ ಕುಕ್ಕರು
ಎರಡನೇ ಸಲ ಕೂಗಿತು.
ಮೂರಕ್ಕ ಇಳಸತಾಳ ಆಕಿ,
ಆಮ್ಯಾಲ ಬಾಗಲ ಹಾಕತಾಳ.
ನಾಳೆ ಹೋಗಬಹುದು.
ಉಡಿ ಮುಟ್ಟಿ ನೋಡಿಕೊಂಡೆ,
ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಅಂತ ಹುಡುಕಾಕ ಹತ್ತಿದೆ.