ಲಗೇಜು ಚೀಟಿ

ಅಜ್ಜಿಯನ್ನು ರಾಣಿ ಎಂದು ಕರೆಯುತ್ತಿದ್ದವರು ಇಬ್ಬರೇ:
ಬೋಳಾರದ ಹಂಚಿನ ಕಾರ್ಖಾನೆಯ ಗೇಟಿನ ಐತಪ್ಪ,
ಮತ್ತೆ, ಸಿಟ್ಟು ಬಂದಾಗ, ನನ್ನ ಅಮ್ಮ.

ಅವಳು ರಾಣಿಯಲ್ಲ.
ಅಳಿಯಕಟ್ಟಿನಲ್ಲಿ ಪಟ್ಟ ಹೋಗುವುದು
ಅಕ್ಕತಂಗಿಯರ ಹೊಟ್ಟೆಯ ದಾರಿಯಾಗಿ;
ಅರಸನ ಹೆಂಡತಿ ಆ ದಾರಿಯ ಬದಿಗೆ
ಸೆರಗು ಮುದುಡಿಕೊಂಡು ನಿಲ್ಲಬೇಕು.
ಅದೂ ಪಟ್ಟ ಇದ್ದಾಗಿನ ಮಾತು.
ಕಲ್ಲಂಜೆಯ ಕೋಟೆಯನ್ನು ಕಂಪೆನಿಯವರು ಕೆಡವಿ
ಅದೇ ಕಲ್ಲಿನಲ್ಲಿ ಕಚೇರಿ ಕಟ್ಟಿ
ನೂರು ವರ್ಷದ ಮೇಲಾಗಿತ್ತು ಅವಳ ಧಾರೆಯ ಹೊತ್ತಿಗೆ.

ಮಾಂಜೊಟ್ಟು ಬೀಡಿನ ನೇಮವತಿ,
ಎಂಟುನೂರು ಮುಡಿ ಗೇಣಿ ಅಂಗಳಕ್ಕೆ ಬಂದು ಬೀಳುವ ಮನೆಯವಳು,
ಬಾಡಿಗೆ ಕಾರಿನಲ್ಲಿ ಬಂದ ಅರಸನನ್ನು ಮದುವೆಯಾದಳು.
ಊಟ ಮುಗಿಯುವ ಮೊದಲೇ ಡ್ರೈವರು
ಎರಡು ಸಲ ಹಾರ್ನು ಹಾಕಿದ್ದನಂತೆ.
ಅದನ್ನು ಹೇಳುವಾಗ ಮಾತ್ರ ಅಜ್ಜಿ ನಗುತ್ತಿದ್ದದ್ದು.

ಅಜ್ಜ ನಾಭಿರಾಜರು ಬೆಳಿಗ್ಗೆ ಎದ್ದರೆ ಅರ್ಜಿ:
ಕಲೆಕ್ಟರಿಗೆ, ಮದರಾಸಿಗೆ, ಆಮೇಲೆ ದಿಲ್ಲಿಗೆ.
ಬಿರುದುಗಳೇ ಮೂರು ಸಾಲು,
ಬೇಡಿಕೆ ಒಂದೂವರೆ.
ಖಜಾನೆಯಿಂದ ತಿಂಗಳಿಗೆ ಹದಿನಾಲ್ಕು ರೂಪಾಯಿ ಆರಾಣೆ,
ಸ್ಟಾಂಪು ಕಾಗದಕ್ಕೆ ಅದಕ್ಕಿಂತ ಹೆಚ್ಚು.
ಕಮ್ಮಿ ಬಿದ್ದದ್ದು ಮಾಂಜೊಟ್ಟಿನಿಂದ
ಅಕ್ಕಿಯ ಮುಡಿಯೊಳಗೆ ಅಡಗಿ ಬರುತ್ತಿತ್ತು.

ಒಂದು ಆಟಿಯಲ್ಲಿ ಕಲ್ಲಂಜೆಯಿಂದ ಅತ್ತಿಗೆ
(ಅವರೇ ನಿಜವಾದ ರಾಣಿ, ಚಂದ್ರಮತಿ ಅಮ್ಮ,
ಸೋರುವ ಚಾವಡಿಯ ಒಡತಿ)
ಪಟ್ಟದ ಕತ್ತಿಯನ್ನು ಓಲೆಯ ಚಾಪೆಯಲ್ಲಿ ಸುತ್ತಿ ಕಳಿಸಿದರು:
ಪೇಟೆಯಲ್ಲಿ ಅಡವಿಡು. ಯಾರಿಗೂ ಹೇಳಬೇಡ. ತಮ್ಮನಿಗೂ.

ರಥಬೀದಿಯ ಸರಾಫ ತಕ್ಕಡಿಗೆ ಹಾಕಿ ಹೇಳಿದ:
"ಹಿಡಿಯ ಬೆಳ್ಳಿಗೆ ಕೊಡಬಹುದು ಅಮ್ಮ.
ಅಲಗು ಕಬ್ಬಿಣ. ಅದು ಲೆಕ್ಕಕ್ಕಿಲ್ಲ."
ಅಜ್ಜಿ ಸ್ವಲ್ಪ ಹೊತ್ತು ನಿಂತಳು.
ಆಮೇಲೆ ಕತ್ತಿಯನ್ನು ಎತ್ತಿಕೊಂಡು
ತವರಿನ ಡಾಬು ಬಿಚ್ಚಿ ಅದೇ ತಟ್ಟೆಗೆ ಹಾಕಿದಳು.
ಹಣ ಕಲ್ಲಂಜೆಗೆ ಹೋಯಿತು,
ಕತ್ತಿ ಅವಳ ಮಂಚದ ಕೆಳಗೆ.

ನೀರು ಸೋಸದೆ ಕುಡಿಯದವಳು,
ಹೊತ್ತು ಮುಳುಗುವ ಮೊದಲೇ ಉಂಡು ಬಾಯಿ ತೊಳೆಯುವವಳು
ಇಪ್ಪತ್ತಮೂರು ವರ್ಷ ಕತ್ತಿಯ ಮೇಲೆ ಮಲಗಿದಳು.
ಕಡಲ ಗಾಳಿಗೆ ತುಕ್ಕು ಬೇಗ. ಹದಿನೈದು ದಿನಕ್ಕೊಮ್ಮೆ
ತೆಂಗಿನೆಣ್ಣೆ; ಎಣ್ಣೆಗೆ ಮೊದಲು
ಅಲಗಿನ ಮೇಲೆ ಹರಿಯುವ ಇರುವೆಗಳನ್ನು
ಒಂದೊಂದಾಗಿ ಊದಿ ಇಳಿಸುವುದು.
ನಾನು ಕಣ್ಣಾರೆ ಕಂಡದ್ದು ಇದೊಂದನ್ನೇ.
ಉಳಿದದ್ದು ಅಮ್ಮ ಹೇಳಿದ್ದು.

ವರ್ಷಕ್ಕೊಮ್ಮೆ ಮಹಾನವಮಿಗೆ
ಕತ್ತಿಯನ್ನು "ಬಿಡಿಸಿಕೊಂಡು" ಬಸ್ಸಿನಲ್ಲಿ ಕಲ್ಲಂಜೆಗೆ.
ಕಂಡಕ್ಟರು ಚಾಪೆಯ ಸುರುಳಿ ತಟ್ಟಿ ಕೇಳುವನು:
"ಎಂತ ಅಮ್ಮ ಇದು, ಇಷ್ಟುದ್ದ?"
"ಗಂಡನ ಮನೆಯದ್ದು."
ಲಗೇಜು ಚೀಟಿ ಹರಿದು ಕೊಡುವನು.
ಅವನ್ನೆಲ್ಲ ಟ್ರಂಕಿನಲ್ಲಿ ಜೋಡಿಸಿಟ್ಟಿದ್ದಳು,
ಡಾಬಿನ ಅಡವುಚೀಟಿಯ ಜೊತೆಗೆ.

ಅಲ್ಲಿ ಪೂಜೆಯ ಹೊತ್ತಿಗೆ ಒಳಗೆ
ಅಕ್ಕತಂಗಿಯರು, ಅವರ ಮಕ್ಕಳು. ಹೆಂಡತಿಯರಿಗೆ ಜಗಲಿ.
ತಾನು ಎಣ್ಣೆ ಹಚ್ಚಿದ ಅಲಗಿಗೆ ಆರತಿ ಎತ್ತುವ ಗಂಟೆಯನ್ನು
ಜಗಲಿಯಲ್ಲಿ ಕೂತು ಕೇಳುವಳು.
"ಬಡ್ಡಿ ಎಷ್ಟಾಯಿತು?" ಚಂದ್ರಮತಿ ಅಮ್ಮ.
"ಸರಾಫರು ಒಳ್ಳೆಯವರು," ಅಜ್ಜಿ.

ಡಿಕ್ಲರೇಶನ್ ಬಂತು. ಮಾಂಜೊಟ್ಟು ಹೋಯಿತು, ಕಲ್ಲಂಜೆಯೂ.
"ನಟ್ಟದ್ದು ಅವರೇ ಅಲ್ಲವಾ," ಎಂದಳು ಅಜ್ಜಿ, ಅಷ್ಟೇ.
ಅಜ್ಜ ಒಂದು ಅರ್ಜಿಯ
ಎರಡನೇ ಬಿರುದಿನಲ್ಲಿ ಪೆನ್ನು ಕೆಳಗಿಟ್ಟರು.

ಅವಳು ಹೋದ ತಿಂಗಳಿಗೆ
ಕಲ್ಲಂಜೆಯ ಈಗಿನ ಅರಸರು, ಜಯಕೀರ್ತಿ,
ಎಲ್ಲೈಸಿ ಏಜೆಂಟು, ಬ್ಯಾಗು ಹಿಡಿದು ಬಂದರು.
ಯಾವ ಸರಾಫ, ಎಷ್ಟು ಬಾಕಿ ಎಂದು ಕೇಳಿದರು.
ಅಮ್ಮ ಮಂಚದ ಕೆಳಗೆ ಕೈ ತೋರಿಸಿದಳು.
ಡಾಬಿನ ಮಾತೆತ್ತಲಿಲ್ಲ.

ಬಸ್ಸಿನ ತನಕ ನಾನೇ ಹೊತ್ತೆ.
ಇಷ್ಟು ಭಾರವೆಂದು ಗೊತ್ತಿರಲಿಲ್ಲ.
ಕಂಡಕ್ಟರು ಕೇಳಿದ್ದಕ್ಕೆ ಅರಸರು ನಾಚಿ
"ಪರದೆಯ ಸರಳು" ಎಂದರು.
"ಹಾಗಾದರೆ ಲಗೇಜು ಬೇಡ, ಮೇಲೆ ಹಾಕಿ."

ಮನೆಗೆ ಬಂದಾಗ ಅಮ್ಮ ಮಂಚ ಸರಿಸಿ ಗುಡಿಸುತ್ತಿದ್ದಳು.
ಏನೂ ಇಲ್ಲದ ನೆಲದಲ್ಲಿ, ಎಣ್ಣೆಯ ಜಾಡು ಹಿಡಿದು,
ಇರುವೆಗಳ ಸಾಲೊಂದು
ಕತ್ತಿಯಷ್ಟೇ ಉದ್ದ ಹೋಗಿ ತಿರುಗಿ ಬರುತ್ತಿತ್ತು.
ಅಮ್ಮ ಹಿಡಿಸೂಡಿ ಎತ್ತಿ ಹಿಡಿದು
ಹಾಗೇ ನಿಂತಿದ್ದಳು.