ನೂರ ನಲವತ್ತೆಂಟು ಹಂಚು

ಜೆಪ್ಪುವಿನಲ್ಲಿ ಕಾರ್ಮಿನ್ ಬಾಯಿಯ ಮನೆಯ ಸೂರಂಚಿಗೆ
ನೂರ ನಲವತ್ತೆಂಟು ಹಂಚು.
ಹಂಚಿಗೊಂದು ಪಿಕ್ಸೆಲ್ ಬಿಗಿದು
ಅಶ್ಫಾಕ್ ಏಣಿಯಿಂದ ಇಳಿಯುವಾಗ ಮಧ್ಯಾಹ್ನ ಮೂರು.
ಏಳಕ್ಕೆ ಮೊಮ್ಮಗಳ ರೋಸ್.
ಬರೀ ಉರಿದರೆ ಸಾಲದು, ಲೈಟು ಓಡಬೇಕು
ಅಂತ ಮನೆಯವರ ಆರ್ಡರು.

ನನ್ನ ಕಸುಬಿನ ಗುಟ್ಟು ಇಷ್ಟೆ, ಹೊರಗೆ ಹೇಳಬೇಡಿ:
ಏನೂ ಓಡುವುದಿಲ್ಲ.
ಒಂದು ಆರುತ್ತದೆ, ಪಕ್ಕದ್ದು ಹೊತ್ತುತ್ತದೆ.
ಓಡುವುದು ನಿಮ್ಮ ಕಣ್ಣು.

ಲ್ಯಾಪ್‌ಟಾಪು ಕಡೆಯುವ ಕಲ್ಲಿನ ಮೇಲೆ.
ಕೆಂಪು ಬರೆದೆ, ಹಸಿರು ಬಂತು.
ಈ ಸರಕ್ಕೆ ಹಸಿರೇ ಮೊದಲಂತೆ; ತಿದ್ದಿದೆ.
ಬಾವಿಕಟ್ಟೆಯ ಮೂಲೆ ತಿರುಗುವಲ್ಲಿ ಬಿಳಿಗೆ ಕಾಮಾಲೆ ಬಂತು:
ಐದು ವೋಲ್ಟು, ಪಾಪ, ಅಷ್ಟು ದೂರ ನಡೆದು ಸುಸ್ತು.
ಹಿತ್ತಲಿಂದ ಇನ್ನೊಂದು ವಯರೆಳೆದು ಅಲ್ಲಿಗೇ ಉಣಿಸಿದೆ.
ತೊಂಬತ್ತೊಂದರ ಬೆಸುಗೆಯನ್ನು ಉಪ್ಪುಗಾಳಿ ತಿಂದಿತ್ತು.
ಒಂದು ಸತ್ತರೆ ಮುಂದಿನದೆಲ್ಲ ಕತ್ತಲೆ,
ಈ ಸಾಲಿನ ಕ್ರಮವೇ ಹಾಗೆ:
ಬಂದ ಅಂಕಿಗಳಲ್ಲಿ ಮೊದಲ ಮೂರು ತನಗೆ,
ಉಳಿದದ್ದೆಲ್ಲ ಮುಂದಿನವನಿಗೆ.
"ಹಂಚು" ಎಂದರು ಕಾರ್ಮಿನ್ ಬಾಯಿ, ತೆಂಗಿನಕಾಯಿ ಹೆರೆಯುತ್ತ.
ಯಾವ ಹಂಚು ಎಂದು ನಾನು ಕೇಳಲಿಲ್ಲ.

ಕತ್ತಲಾಗುವ ಮೊದಲೊಮ್ಮೆ ಓಡಿಸಿ ನೋಡಿದೆ.
ಹಂಚಿಗೆ ನಲವತ್ತು ಮಿಲಿಸೆಕೆಂಡು.
ಅವರು ತಲೆಯೆತ್ತಿ ಒಂದು ಸುತ್ತು ನೋಡಿದರು, ಇನ್ನೊಂದು ಸುತ್ತು.
"ಬೀಳ್ತದೆ," ಎಂದರು.
ಎಂತದು?
"ನಿನ್ನ ಬೆಳಕು. ಹಂಚು ಹಂಚಿನ ನಡುವೆ
ಒಮ್ಮೊಮ್ಮೆ ಕೆಳಗೆ ಬೀಳ್ತದೆ, ಪುತಾ.

ಗೂಡಿನ ಬಾಯಿಂದ ಮಂಜಿಯವರೆಗೆ
ನಾವು ನಲವತ್ತು ಹೆಂಗಸರು ನಿಲ್ತಿದ್ದೆವು, ಇಪ್ಪತ್ತಾರು ವರ್ಷ.
ನಡೆಯುವುದು ಹಂಚು, ನಾವಲ್ಲ.
ಆಚೆಯವಳು ಹಿಡಿದಳು ಅಂತ ಬೆರಳಿಗೆ ಗೊತ್ತಾಗುವವರೆಗೆ
ಈಚೆಯವಳು ಬಿಡ್ಲಿಕ್ಕಿಲ್ಲ.
ಒಂದು ಗಳಿಗೆ ಇಬ್ಬರ ಕೈಯಲ್ಲೂ ಉಂಟು.
ಆ ಗಳಿಗೆ ನಿನ್ನದರಲ್ಲಿ ಇಲ್ಲ."

ತೋರಿಸಿದ ಎರಡು ಕೈಯಲ್ಲೂ
ರೋಸಿಗೆ ಹಿಂಡಿದ ಕಾಯಿಹಾಲು.

ಒಂದು ಸಾಲು ಅಳಿಸಿದೆ, ನಾಲ್ಕು ಬರೆದೆ:
ಇದು ಇನ್ನೂರೈವತ್ತೈದರಿಂದ ಇಳಿಯತೊಡಗುವಾಗಲೇ
ಅದು ಸೊನ್ನೆಯಿಂದ ಏರಲಿ.
ಪರದೆಗೆ ಬಗ್ಗಿ ಅವರು ಕೇಳಿದರು:
ಮೊದಲಿನದ್ದು ಸೊನ್ನೆಯಾ? ಎಂತಕ್ಕೆ?
ಮೊದಲು ನಿಂತವಳು ಲೆಕ್ಕಕ್ಕಿಲ್ವಾ?
ನಮ್ಮ ಸಾಲಲ್ಲಿ ಅದು ಅಪ್ಪಿಯ ಜಾಗ.
ಬಿಸಿ ಎಲ್ಲ ಅವಳಿಗೆ, ನಮಗೆ ಬರುವಾಗ ಹಂಚು ಬೆಚ್ಚಗೆ.
ಯಂತ್ರಗಳೆಲ್ಲ ಹಾಗೇ ಎಣಿಸುವುದು ಎಂದೆ.
ಆದರೂ ಕೋಡಿನಲ್ಲಿ ಸೊನ್ನೆಯ ಎದುರು
ಯಂತ್ರ ಓದದ ಹಾಗೆ ಎರಡು ಓರೆಗೆರೆ ಎಳೆದು
ಅಪ್ಪಿ ಎಂದು ಬರೆದಿಟ್ಟೆ.

ಮತ್ತೆ ಓಡಿಸಿದೆ.
ಬಾಗಿಲ ಮೇಲಿಂದ ಹೊರಟ ಬೆಳಕಿಗೆ
ಈಗ ಎಷ್ಟೋ ಒಂದು ತೂಕ.
"ಎಂತದೋ ಹೋಗ್ತಾ ಉಂಟು ಮಾರಾಯ," ಎಂದ ಅಶ್ಫಾಕ್,
ಗೋಳಿಬಜೆ ಬಾಯಲ್ಲಿ.

ರಾತ್ರಿ ಒಂಬತ್ತೂವರೆ.
ಹುಡುಗಿಯ ತಲೆಯಿಂದ ಕಾಯಿಹಾಲು ಇಳಿಯುತ್ತಿತ್ತು,
ಹೆಂಗಸರು ವೊವಿಯೊ ಹೇಳುತ್ತಿದ್ದರು,
ಲ್ಯಾಪ್‌ಟಾಪು ಸತ್ತಿತು.
ಚಾರ್ಜರು ಅಶ್ಫಾಕನ ಸ್ಕೂಟರಿನಲ್ಲಿ, ಸ್ಕೂಟರು ಕಂಕನಾಡಿಯಲ್ಲಿ.

ಡೇಟಾ ನಿಂತರೆ ಇವು ಆರುವುದಿಲ್ಲ.
ಕೊನೆಗೆ ಕೇಳಿದ್ದನ್ನು ಹಿಡಿದುಕೊಂಡು ನಿಂತುಬಿಡುತ್ತವೆ.
ಅರವತ್ತಮೂರು ಅರ್ಧ, ಅರವತ್ತನಾಲ್ಕು ಅರ್ಧ,
ಅಡುಗೆಮನೆಯ ಕಿಟಕಿಯ ನೇರಕ್ಕೆ.
ಬೇರೆ ಯಾರೂ ನೋಡಲಿಲ್ಲ.
ಫೋನು ಕಿವಿಗಿಟ್ಟು ಅಂಗಳದಲ್ಲಿ ನಾನು ಬೆವರುವಾಗ
ಕಾರ್ಮಿನ್ ಬಾಯಿ ಸೂರಿನ ಕಡೆ ಒಮ್ಮೆ ನೋಡಿ
ಹಾಡಿನ ನಡುವೆಯೇ ಹೇಳಿದರು:
ಅವಸರ ಎಂತದೂ ಇಲ್ಲ,
ಇಬ್ಬರೂ ಹಿಡಿದಿದ್ದಾರೆ.